ಇನ್ಹಿಬಿಟರ್, ಗ್ಲೈಕಾಲ್, ಆನೋಡ್ ಎಲ್ಲ ಇದ್ದರೂ ಗ್ಯಾಸ್ ಪೈಪ್ ಸವೆಯುವುದೇಕೆ?

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಮುಂಬೈ ಕಡಲಾಚೆಯ ಗ್ಯಾಸ್ ಪ್ಲಾಟ್‌ಫಾರ್ಮ್ ಒಂದರಲ್ಲಿ ಪ್ರೊಸೆಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ ಸರ್. ವೆಲ್ ಪ್ಲಾಟ್‌ಫಾರ್ಮ್‌ನಿಂದ ನಮ್ಮಲ್ಲಿಗೆ ಹಸಿ ಗ್ಯಾಸ್ ಬರುವ ಲೈನ್‌ಗೆ ಇನ್ಹಿಬಿಟರ್ (ಸವೆತ ತಡೆಯುವ ರಾಸಾಯನಿಕ) ಹಾಕುತ್ತೇವೆ. ನಮ್ಮಲ್ಲಿ ಗ್ಲೈಕಾಲ್ (ನೀರು ಹೀರುವ ದ್ರವ) ಯೂನಿಟ್‌ನಲ್ಲಿ ಒಣಗಿಸಿ ದಡಕ್ಕೆ ಕಳಿಸುತ್ತೇವೆ. ಎರಡೂ ಲೈನ್‌ಗೆ ಆನೋಡ್ (ಪೈಪಿನ ಬದಲು ತಾನು ಕರಗುವ ಲೋಹದ ತುಂಡು) ಇದೆ, ಒಳಗೆ ಗುಡಿಸುವ ಪಿಗ್ ಓಡಿಸುತ್ತೇವೆ, ಕೂಪನ್ (ಸವೆತ ಅಳೆಯಲು ಪೈಪಿನೊಳಗೆ ಇಡುವ ಲೋಹದ ಪಟ್ಟಿ) ರಿಪೋರ್ಟ್ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಆದರೂ ಈ ಸಲದ ಇಂಟೆಲಿಜೆಂಟ್ ಪಿಗ್ (ಗೋಡೆಯ ಸವೆತ ಅಳೆಯುವ ಪಿಗ್) ವರದಿಯಲ್ಲಿ ಹಸಿ ಲೈನ್‌ನ ಮೊದಲ ಕೆಲವು ಕಿ.ಮೀ.ಯಲ್ಲಿ ಪೈಪಿನ ನೆತ್ತಿ, ಮುಂದೆ ತಳ, ದಡದ ಲೈನ್‌ನಲ್ಲಿ ಕೆಲವು ತಗ್ಗುಗಳ ತಳ ಒಳಗಿನಿಂದ ಸವೆದಿದೆ ಎಂದು ಬಂದಿದೆ. ಎಲ್ಲಿ ತಪ್ಪುತ್ತಿದ್ದೇವೆ? ಪೈಪ್ ಬದಲಿಸಲೇಬೇಕಾ?

ಉತ್ತರ: ನಿಮ್ಮ ವರದಿ ತೋರಿಸಿದ್ದು ಮೂರು ಜಾಗ. ಮೂರರ ಕಾರಣವೂ ಬೇರೆ, ಪರಿಹಾರವೂ ಬೇರೆ. ನೀವು ಹೇಳಿದ ಕ್ರಮಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದೊಂದೂ ಒಂದೊಂದು ಜಾಗವನ್ನು ಮಾತ್ರ ಕಾಯುತ್ತದೆ, ಪಕ್ಕದ ಜಾಗಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ‘ನಾವು ಏನೇನು ಮಾಡುತ್ತಿದ್ದೇವೆ’ ಎಂಬ ಪಟ್ಟಿಯನ್ನು ಪಕ್ಕಕ್ಕಿಟ್ಟು ‘ನೀರು ಎಲ್ಲೆಲ್ಲಿ ಕೂರುತ್ತಿದೆ’ ಎಂಬ ಪಟ್ಟಿ ಮಾಡಿ. ಗ್ಯಾಸ್ ಲೈನ್‌ನಲ್ಲಿ ಒಳಗಿನ ಕರೋಷನ್ (ಲೋಹದ ಸವೆತ) ಅಂದರೆ ಬಹುಪಾಲು ಅಷ್ಟೇ.

ಕೊಚ್ಚಿಯಿಂದ ಮಂಗಳೂರಿಗೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಸುಮಾರು 450 ಕಿ.ಮೀ. ಗ್ಯಾಸ್ ಪೈಪ್‌ಲೈನ್ ಕೂಡ ಕಾರ್ಬನ್ ಸ್ಟೀಲಿನದೇ. ಅಲ್ಲಿ ಹರಿಯುವುದು ದ್ರವ ರೂಪದಲ್ಲಿ ಹಡಗಿನಲ್ಲಿ ಬಂದು ಮತ್ತೆ ಅನಿಲವಾದ ಗ್ಯಾಸ್. ಸೊನ್ನೆಗಿಂತ 160 ಡಿಗ್ರಿ ಕೆಳಕ್ಕೆ ತಂಪು ಮಾಡುವ ಮುನ್ನವೇ ಅದರ ನೀರು, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ತೆಗೆದಿರುತ್ತಾರೆ, ಇಲ್ಲದಿದ್ದರೆ ಅವು ಗಟ್ಟಿಯಾಗಿ ಯಂತ್ರ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಂಥ ಲೈನ್‌ನ ಒಳಮೈಗೆ ಇನ್ಹಿಬಿಟರ್ ಬೇಡ. ನಿಮ್ಮ ಹಸಿ ಲೈನ್‌ನಲ್ಲಿ ಬಾವಿಯಿಂದ ನೇರ ಬಂದ ಗ್ಯಾಸ್ ಇದೆ, ಅದರ ಜೊತೆ ನೀರಾವಿ, ಕಂಡೆನ್ಸೇಟ್ (ಗ್ಯಾಸ್‌ನಿಂದ ಇಳಿಯುವ ಹಗುರ ತೈಲ), ಕಾರ್ಬನ್ ಡೈಆಕ್ಸೈಡ್, ಒಮ್ಮೊಮ್ಮೆ ಹೈಡ್ರೊಜನ್ ಸಲ್ಫೈಡ್ ಎಲ್ಲ ಇವೆ.

ಎಷ್ಟು ಅಪಾಯ ಅಂತ ಮೊದಲು ಲೆಕ್ಕ ಹಾಕೋಣ. ಲೈನ್ ಒತ್ತಡ 80 ಬಾರ್, ಕಾರ್ಬನ್ ಡೈಆಕ್ಸೈಡ್ ಶೇ 2 ಎಂದುಕೊಳ್ಳಿ. ಅದರ ಪಾಲಿನ ಒತ್ತಡ 1.6 ಬಾರ್. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು ಹೀಗಿದೆ: 0.2 ಬಾರ್‌ಗಿಂತ ಕಡಿಮೆ ಇದ್ದರೆ ಕಾಟ ಅಲ್ಪ, 0.2ರಿಂದ 2ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ‘ಮಧ್ಯಮ’ ಎಂದು ನಿಶ್ಚಿಂತೆಯಿಂದ ಇರಬೇಡಿ. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ಸವೆತದ ದರ ಅಂದಾಜಿಸುವ ಡಿ ವಾರ್ಡ್–ಮಿಲಿಯಮ್ಸ್ ಸೂತ್ರದಲ್ಲಿ 60 ಡಿಗ್ರಿ, 1.6 ಬಾರ್ ಹಾಕಿದರೆ, ಯಾವ ರಕ್ಷಣೆಯೂ ಇಲ್ಲದ ಸ್ಟೀಲ್ ವರ್ಷಕ್ಕೆ ಸುಮಾರು 6 ಮಿ.ಮೀ. ಹೋಗುತ್ತದೆ ಎಂದು ಬರುತ್ತದೆ. 40 ಡಿಗ್ರಿಗೆ ಅದು ಸುಮಾರು 3 ಮಿ.ಮೀ. ಆ ಸೂತ್ರ ಅತಿ ಕೆಟ್ಟ ಸ್ಥಿತಿಯ ಲೆಕ್ಕ. ಪಿಎಚ್, ಹರಿವಿನ ವೇಗ, ಗೋಡೆಗೆ ಕಟ್ಟುವ ಐರನ್ ಕಾರ್ಬೊನೇಟ್ ಪದರ ಇವನ್ನೆಲ್ಲ ಸೇರಿಸಬೇಕಾದರೆ ನಾರ್ಸಾಕ್ ಎಂ-506 ಮಾದರಿ ಬಳಸಿ. ಆದರೂ 6 ಎಂಬ ಅಂಕಿ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಹಸಿ ಲೈನ್‌ನ ತಳ. ಇಲ್ಲಿ ಕಾವಲು ಇನ್ಹಿಬಿಟರ್‌ದು. ಸಾಮಾನ್ಯವಾಗಿ ಇಮಿಡಜೋಲಿನ್ ಅಥವಾ ಕ್ವಾಟರ್ನರಿ ಅಮೀನ್ ಜಾತಿಯ ರಾಸಾಯನಿಕ. ಗೋಡೆಗೆ ಅಂಟಿ ತೆಳು ಪೊರೆ ಕಟ್ಟುತ್ತದೆ, ಪೊರೆ ಸರಿಯಿದ್ದರೆ ಸವೆತ ವರ್ಷಕ್ಕೆ 0.1 ಮಿ.ಮೀ.ಗೆ ಇಳಿಯುತ್ತದೆ ಎಂದು ವಿನ್ಯಾಸದಲ್ಲಿ ಹಿಡಿಯುವುದು ರೂಢಿ. ರಾಸಾಯನಿಕ ಒಳ್ಳೆಯದೇ ಇರಬಹುದು. ನೋಡಬೇಕಾದ್ದು ವರ್ಷದ ಎಷ್ಟು ದಿನ ಅದು ನಿಜಕ್ಕೂ ಪೈಪಿನೊಳಗೆ ಹೋಯಿತು ಎಂಬುದನ್ನು. ಶೇ 95 ದಿನ ಹೋಯಿತು ಅನ್ನಿ. ಕೇಳುವುದಕ್ಕೆ ಚೆನ್ನಾಗಿದೆ. ಲೆಕ್ಕ ನೋಡಿ: 0.95 ಪಾಲು 0.1ರ ದರದಲ್ಲಿ, 0.05 ಪಾಲು 6ರ ದರದಲ್ಲಿ. ಒಟ್ಟು ವರ್ಷಕ್ಕೆ 0.395 ಮಿ.ಮೀ. ಕರೋಷನ್‌ಗೆಂದು ಬಿಟ್ಟ ಹೆಚ್ಚುವರಿ ದಪ್ಪ 3 ಮಿ.ಮೀ. ಇದ್ದರೆ ಎಂಟು ವರ್ಷ ತುಂಬುವ ಮೊದಲೇ ಅದು ಮುಗಿಯಿತು. ಶೇ 99 ದಿನ ಹೋದರೆ 0.16 ಮಿ.ಮೀ., ಆಗ ಅದೇ 3 ಮಿ.ಮೀ. ಸುಮಾರು 19 ವರ್ಷ ಬಾಳುತ್ತದೆ. ಈ ಎರಡರ ನಡುವಿನ ಅಂತರ ವರ್ಷಕ್ಕೆ ಹದಿನೈದು ದಿನ ಪಂಪ್ ನಿಲ್ಲುವುದು, ಅಷ್ಟೇ. ಪಂಪ್ ನಿಂತ ಗಳಿಗೆಯಲ್ಲೇ ಪೊರೆ ಹೋಗುವುದಿಲ್ಲ, ಕೆಲವು ಗಂಟೆಗಳಿಂದ ಕೆಲವು ದಿನ ಉಳಿಯುತ್ತದೆ ನಿಜ. ಆದರೆ ಅದನ್ನು ನಂಬಿಕೊಂಡು ಲೆಕ್ಕ ಸಡಿಲಿಸಬೇಡಿ.

ಹಾಗಾದರೆ ಪಂಪ್ ನಿಜಕ್ಕೂ ಕೊಡುತ್ತಿದೆಯೇ? ಸ್ಟ್ರೋಕ್ ಸೆಟ್ಟಿಂಗ್ (ಪಂಪ್‌ನ ಹೊಡೆತದ ಅಳತೆ) ನೋಡಿ ಲಾಗ್‌ಬುಕ್ ಬರೆಯುವುದು ಎಲ್ಲ ಕಡೆ ಇರುವ ಕೆಟ್ಟ ಅಭ್ಯಾಸ. ಲೈನ್‌ನಲ್ಲಿ ದಿನಕ್ಕೆ ನೀರು, ಕಂಡೆನ್ಸೇಟ್ ಸೇರಿ 300 ಘನ ಮೀಟರ್ ದ್ರವ ಹೋಗುತ್ತಿದೆ, ಪ್ರಮಾಣ 100 ಪಿಪಿಎಂ (ಹತ್ತು ಲಕ್ಷಕ್ಕೆ 100 ಪಾಲು) ಎಂದರೆ ದಿನಕ್ಕೆ 30 ಲೀಟರ್ ಹೋಗಬೇಕು. ಅಂದರೆ ನಿಮಿಷಕ್ಕೆ ಸುಮಾರು 21 ಮಿ.ಲೀ. ಪರೀಕ್ಷೆ ಸುಲಭ. ಟ್ಯಾಂಕ್‌ನ ವಾಲ್ವ್ ಮುಚ್ಚಿ, ಪಂಪ್ ಪಕ್ಕದ ಗಾಜಿನ ಕ್ಯಾಲಿಬ್ರೇಷನ್ ಕೊಳವೆಯಿಂದ ಎಳೆಯುವಂತೆ ಮಾಡಿ, 100 ಮಿ.ಲೀ. ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ನೋಡಿ. 4 ನಿಮಿಷ 48 ಸೆಕೆಂಡ್ ಬರಬೇಕು. 8 ನಿಮಿಷ ಬಂತೆಂದರೆ ಹೋಗುತ್ತಿರುವುದು 18 ಲೀಟರ್ ಮಾತ್ರ. ಆಗ ಈ ಕ್ರಮದಲ್ಲಿ ಹುಡುಕಿ: ಸಕ್ಷನ್ ಸ್ಟ್ರೇನರ್ ಕಟ್ಟಿದೆಯೇ, ಪಂಪ್ ಹೆಡ್‌ನಲ್ಲಿ ಗಾಳಿ ಸೇರಿದೆಯೇ, ಚೆಕ್ ವಾಲ್ವ್‌ನ ಗುಂಡು ಅಂಟಿನಲ್ಲಿ ಸಿಕ್ಕಿಕೊಂಡಿದೆಯೇ, ಡಯಾಫ್ರಾಮ್ ಹರಿದಿದೆಯೇ. ಇವೆಲ್ಲ ಸರಿ ಇದ್ದು ಪಂಪ್‌ನ ಡಿಸ್ಚಾರ್ಜ್ ಒತ್ತಡ ಮಾತ್ರ ದಿನೇ ದಿನೇ ಏರುತ್ತಿದ್ದರೆ ಕ್ವಿಲ್ ಮೇಲೆ, ಅಂದರೆ ರಾಸಾಯನಿಕವನ್ನು ಪೈಪಿನೊಳಗೆ ಬಿಡುವ ಕೊಳವೆಯ ಮೇಲೆ ಅನುಮಾನ ಪಡಿ. ಬಿಸಿ ಗ್ಯಾಸ್‌ಗೆ ಇನ್ಹಿಬಿಟರ್‌ನ ದ್ರಾವಕ ಆವಿಯಾಗಿ, ಕ್ವಿಲ್‌ನ ಬಾಯಲ್ಲಿ ಡಾಂಬರಿನಂಥ ಅಂಟು ಉಳಿದುಬಿಡುತ್ತದೆ. ಕ್ವಿಲ್‌ನ ತುದಿ ಪೈಪಿನ ನಡುಭಾಗಕ್ಕೆ ತಲುಪಿ, ಓರೆಯಾಗಿ ಕೊಯ್ದ ಬಾಯಿ ಹರಿವು ಹೋಗುವ ದಿಕ್ಕಿಗೆ ಇರಬೇಕು. ಗೋಡೆಗೆ ಹತ್ತಿರ ಇದ್ದರೆ ರಾಸಾಯನಿಕ ಒಂದೇ ಗೆರೆಯಾಗಿ ಇಳಿದು ಹೋಗುತ್ತದೆ, ಚೆದುರುವುದಿಲ್ಲ. ದಿನಕ್ಕೊಮ್ಮೆ ಟ್ಯಾಂಕ್ ಎಷ್ಟು ಸೆಂ.ಮೀ. ಇಳಿಯಿತು ಎಂಬುದನ್ನೂ ಬರೆದಿಡಿ. ಆ ಅಂಕಿ ಸುಳ್ಳು ಹೇಳುವುದು ಕಷ್ಟ.

ಇನ್ನೊಂದು ವಿಷಯ: ಗ್ಯಾಸ್‌ನ ವೇಗ. ಹರಿವು ಕಡಿಮೆಯಾಗಿ ವೇಗ ಸೆಕೆಂಡಿಗೆ 3 ಮೀಟರ್‌ಗಿಂತ ಕೆಳಗೆ ಇಳಿದರೆ ನೀರು ಮುಂದಕ್ಕೆ ಸಾಗದೆ ತಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಅದರ ಜೊತೆ ಮರಳು, ಕಪ್ಪು ಹುಡಿ ಕೂತರೆ ಇನ್ಹಿಬಿಟರ್ ಆ ಕೆಸರಿನ ಕೆಳಗಿನ ಸ್ಟೀಲ್‌ವರೆಗೆ ಇಳಿಯುವುದೇ ಇಲ್ಲ, ಮೇಲಿನ ಹುಡಿಯೇ ಅದನ್ನು ಹೀರಿಕೊಳ್ಳುತ್ತದೆ. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಅದೇ ಕೆಸರು ಬೇಕು. ಹಳೆಯ ಕ್ಷೇತ್ರಗಳಲ್ಲಿ ಉತ್ಪಾದನೆ ಇಳಿದಂತೆ ಪೈಪ್ ಮಾತ್ರ ಹಿಂದಿನ ದೊಡ್ಡ ಗಾತ್ರದ್ದೇ ಇರುತ್ತದೆ. ವಿನ್ಯಾಸ ಕಾಲದ ಪಿಗ್ಗಿಂಗ್ ಅವಧಿ ಆಗ ಸಾಲುವುದಿಲ್ಲ, ಅವಧಿ ಕಡಿಮೆ ಮಾಡಲೇಬೇಕು.

ಅತಿ ವೇಗವೂ ಒಳ್ಳೆಯದಲ್ಲ. ಎಪಿಐ ಆರ್‌ಪಿ 14ಇ ಎಂಬ ಅಮೆರಿಕದ ಮಾರ್ಗಸೂಚಿ ಕೊಡುವ ವೇಗದ ಮಿತಿಯನ್ನು ಎಲ್ಲರೂ ನೋಡುತ್ತಾರೆ, ಆದರೆ ಮರಳು ಬರುತ್ತಿದ್ದರೆ ಆ ಸೂತ್ರದ ಭರವಸೆ ಬೇಡ. ಚೋಕ್ (ಹರಿವು ನಿಯಂತ್ರಿಸುವ ವಾಲ್ವ್) ದಾಟಿದ ಮೇಲಿನ ಮೊದಲ ಬೆಂಡ್, ಟೀ, ಇಲ್ಲಿ ಅಲ್ಟ್ರಾಸಾನಿಕ್ ದಪ್ಪ ಅಳತೆಯನ್ನು ನಿಯಮಿತವಾಗಿ ಮಾಡಿ.

ಈಗ ನೆತ್ತಿಗೆ ಬರೋಣ. ಹಸಿ ಲೈನ್‌ನ ಮೊದಲ ಕೆಲವೇ ಕಿ.ಮೀ.ಯಲ್ಲಿ ಮಾತ್ರ ನೆತ್ತಿ ಸವೆದಿದೆ ಎಂದಿದ್ದೀರಿ, ಇದು ಮೇಲ್ಗೋಡೆಯ ಕರೋಷನ್‌ನ ಸ್ಪಷ್ಟ ಗುರುತು. ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವ ಹಾಗೆ, ಬಿಸಿ ಗ್ಯಾಸ್ ತಣ್ಣಗಿನ ಪೈಪಿಗೆ ತಾಗಿ ನೀರಾವಿ ನೆತ್ತಿಯಲ್ಲಿ ಹನಿಯಾಗುತ್ತದೆ. ಈ ನೀರು ಬಾವಿಯ ಉಪ್ಪುನೀರಲ್ಲ, ಶುದ್ಧ ಬಟ್ಟಿ ನೀರು. ಆಮ್ಲವನ್ನು ತಟಸ್ಥ ಮಾಡುವ ಬೈಕಾರ್ಬೊನೇಟ್ ಅದರಲ್ಲಿಲ್ಲ, ಕಾರ್ಬನ್ ಡೈಆಕ್ಸೈಡ್ ಕರಗಿದ ಕೂಡಲೇ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಅಸಿಟಿಕ್ ಆಮ್ಲದ ಆವಿಯೂ ಅದರಲ್ಲೇ ಕರಗಿದರೆ ಕೆಡುಕು ಇಮ್ಮಡಿ. ನೀವು ಹಾಕುವ ಇನ್ಹಿಬಿಟರ್ ತಳದ ದ್ರವದ ಜೊತೆ ಹರಿಯುತ್ತದೆ, ಅದಕ್ಕೆ ಆವಿಯಾಗಿ ಮೇಲೇರುವ ಗುಣ ಇಲ್ಲ. ಹಾಗಾಗಿ ಪ್ರಮಾಣವನ್ನು ಇಮ್ಮಡಿ ಮಾಡಿದರೂ ನೆತ್ತಿಗೆ ಪ್ರಯೋಜನ ಇಲ್ಲ. ಗ್ಯಾಸ್ ಸಮುದ್ರದ ತಾಪಕ್ಕೆ ತಣಿದ ಮೇಲೆ ಹನಿ ಕಟ್ಟುವುದು ನಿಲ್ಲುತ್ತದೆ, ಅಲ್ಲಿಂದ ಮುಂದೆ ನೆತ್ತಿ ಸುರಕ್ಷಿತ. ನಿಮ್ಮ ವರದಿಯಲ್ಲೂ ಹಾಗೇ ಇದೆ.

ಹನಿ ಎಷ್ಟು ಬೇಗ ಕಟ್ಟುತ್ತದೆ ಎಂಬುದೇ ಇಲ್ಲಿ ಮುಖ್ಯ. ನಿಧಾನವಾಗಿ ಕಟ್ಟಿದರೆ ಆ ಹನಿಯಲ್ಲಿ ಕಬ್ಬಿಣ ತುಂಬಿ ಐರನ್ ಕಾರ್ಬೊನೇಟ್ ಪದರ ಬೆಳೆದು ಸವೆತವೇ ತಗ್ಗುತ್ತದೆ. ಚದರ ಮೀಟರಿಗೆ ಸೆಕೆಂಡಿಗೆ 0.15ರಿಂದ 0.25 ಗ್ರಾಂ ದಾಟಿದರೆ ಹಳೆ ಹನಿ ಉದುರಿ ಹೊಸ ಹನಿ ಬರುತ್ತಲೇ ಇರುತ್ತದೆ, ಪದರ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಲೈನ್ ಆದರೆ ವೆಲ್ ಪ್ಲಾಟ್‌ಫಾರ್ಮ್‌ನಲ್ಲೇ ಗ್ಯಾಸ್ ತಣಿಸುವ ಕೂಲರ್, ಇಲ್ಲವೇ ಮೊದಲ ಭಾಗಕ್ಕೆ ಒಳಗೆ ನಿಕಲ್ ಮಿಶ್ರಲೋಹ ಹೊದಿಸಿದ ಕ್ಲ್ಯಾಡ್ ಪೈಪ್ ಹಾಕುತ್ತಾರೆ. ಮೊದಲ ಭಾಗದಲ್ಲಿ ಪೈಪ್ ಮಣ್ಣಿನಿಂದ ಮೇಲೆದ್ದು ನೇರ ಸಮುದ್ರದ ನೀರಿಗೆ ತೆರೆದುಕೊಂಡಿದ್ದರೆ ಅಲ್ಲಿ ತಣಿಯುವುದು ಇನ್ನೂ ಜೋರು. ಸರ್ವೆ ಮಾಡುವ ರಿಮೋಟ್ ವಾಹನದ ವಿಡಿಯೊ ತೆಗೆದು, ಸವೆದ ಜಾಗದ ಕಿ.ಮೀ. ಗುರುತಿನ ಜೊತೆ ಹೋಲಿಸಿ ನೋಡಿ. ಹೊಂದಿದರೆ ಆಶ್ಚರ್ಯ ಪಡಬೇಕಾಗಿಲ್ಲ.

ಹಾಕಿ ಆಗಿರುವ ಪೈಪಿಗೆ ಉಳಿಯುವ ದಾರಿ ಬ್ಯಾಚ್ ಇನ್ಹಿಬಿಟರ್. ಎರಡು ಪಿಗ್‌ಗಳ ನಡುವೆ ಇನ್ಹಿಬಿಟರ್ ಮಿಶ್ರಣದ ಒಂದು ಕಂಬವನ್ನೇ ತುಂಬಿ ಓಡಿಸಿದರೆ ಸುತ್ತ ಎಲ್ಲ ಗೋಡೆಗೂ ಹತ್ತುತ್ತದೆ. 16 ಇಂಚು ಪೈಪ್, 10 ಕಿ.ಮೀ. ಎಂದರೆ ಒಳಮೈ ಸುಮಾರು 12,800 ಚದರ ಮೀಟರ್. 0.1 ಮಿ.ಮೀ. ಪೊರೆಗೆ 1.3 ಘನ ಮೀಟರ್ ಬೇಕು. ಪಿಗ್‌ನ ಅಂಚಿನಿಂದ ಸೋರುವುದಕ್ಕೂ ಸೇರಿಸಿ ಅದಕ್ಕಿಂತ ಹೆಚ್ಚೇ ತುಂಬಿ. ಕೊನೆಗೆ ಪಿಗ್ ರಿಸೀವರ್‌ಗೆ ಒಂದಿಷ್ಟು ಮಿಶ್ರಣ ಉಳಿದು ಬಂದರೆ ಮಾತ್ರ ಪೂರ್ತಿ ದೂರ ತಲುಪಿದೆ ಎಂದರ್ಥ. ಒಣಗಿ ಬಂದರೆ ಕೊನೆಯ ಭಾಗ ಬರಿಮೈ. ಮೊದಲು ಬ್ರಷ್ ಪಿಗ್ ಓಡಿಸಿ ಗೋಡೆ ತೊಳೆದಿರಬೇಕು, ಬ್ಯಾಚ್ ಪಿಗ್‌ನ ವೇಗ ಸೆಕೆಂಡಿಗೆ 1–2 ಮೀಟರ್ ದಾಟಬಾರದು.

ದೂರದ ಹಸಿ ಲೈನ್‌ಗಳಲ್ಲಿ ಇನ್ನೊಂದು ವಿಧಾನ ಇದೆ. ನಾರ್ವೆಯ ಟ್ರೋಲ್ ಕ್ಷೇತ್ರದಿಂದ ಕೋಲ್ಸ್‌ನೆಸ್‌ಗೆ ಹೋಗುವ 36 ಇಂಚಿನ ಲೈನ್‌ಗಳಲ್ಲಿ, ಹೈಡ್ರೇಟ್ (ನೀರು, ಗ್ಯಾಸ್ ಸೇರಿದ ಮಂಜುಗಡ್ಡೆಯಂಥ ಗಡ್ಡೆ) ಕಟ್ಟದಿರಲೆಂದು ಹೇಗೂ ಹಾಕುವ ಮೊನೊ ಎಥಿಲಿನ್ ಗ್ಲೈಕಾಲ್‌ಗೆ ಕ್ಷಾರ ಬೆರೆಸಿ ಪಿಎಚ್ ಏರಿಸುತ್ತಾರೆ. ಆಗ ಸ್ಟೀಲ್ ತನ್ನ ಮೇಲೆ ತಾನೇ ಗಟ್ಟಿ ಕಾರ್ಬೊನೇಟ್ ಪದರ ಕಟ್ಟಿಕೊಳ್ಳುತ್ತದೆ. ಚೊಕ್ಕ ಉಪಾಯ. ಆದರೆ ಬಾವಿಯಿಂದ ಕ್ಯಾಲ್ಸಿಯಂ ಇರುವ ಉಪ್ಪುನೀರು ಬರಲು ಶುರುವಾದ ದಿನ ಅದೇ ಕ್ಷಾರ ಪೈಪಿನೊಳಗೂ ಹೀಟರ್‌ಗಳಲ್ಲೂ ಸುಣ್ಣದ ಗಸಿ ಕಟ್ಟಿಸುತ್ತದೆ. ನೆತ್ತಿಯ ಹನಿಗೂ ಆ ಕ್ಷಾರ ತಲುಪುವುದಿಲ್ಲ.

ದಡದ ಲೈನ್‌ನಲ್ಲಿ ಗ್ಯಾಸ್ ಒಣಗಿದೆ, ಆದರೂ ತಗ್ಗುಗಳಲ್ಲಿ ಸವೆತ. ಇಲ್ಲಿ ನೀರು ಹೇಗೆ ಬಂತು ಎಂಬುದನ್ನು ಗ್ಲೈಕಾಲ್ ಯೂನಿಟ್‌ನ ಹಳೆ ಲಾಗ್‌ಗಳಲ್ಲಿ ಹುಡುಕಿ. ದಿನಕ್ಕೆ 1 ಕೋಟಿ ಘನ ಮೀಟರ್ ಗ್ಯಾಸ್, 80 ಬಾರ್, 40 ಡಿಗ್ರಿ ಎಂದರೆ ಅದರಲ್ಲಿ ಘನ ಮೀಟರಿಗೆ ಸುಮಾರು 1 ಗ್ರಾಂನಂತೆ ದಿನಕ್ಕೆ 10 ಟನ್ ನೀರಾವಿ ಇರುತ್ತದೆ. ಟಿಇಜಿ (ಟ್ರೈ ಎಥಿಲಿನ್ ಗ್ಲೈಕಾಲ್) ಯೂನಿಟ್ ಸರಿಯಿದ್ದರೆ ಘನ ಮೀಟರಿಗೆ ಸುಮಾರು 112 ಮಿ.ಗ್ರಾಂ.ಗೆ ಇಳಿಸುತ್ತದೆ. ಒಂದು ದಿನ ಯೂನಿಟ್ ಬೈಪಾಸ್ ಆಯಿತು, ಸಮುದ್ರದ ತಳ 20 ಡಿಗ್ರಿ ಅಂದುಕೊಳ್ಳಿ. ಆ ತಾಪದಲ್ಲಿ ಗ್ಯಾಸ್ ಹಿಡಿದುಕೊಳ್ಳಬಲ್ಲದ್ದು ಘನ ಮೀಟರಿಗೆ ಸುಮಾರು 0.35 ಗ್ರಾಂ ಮಾತ್ರ. ಉಳಿದ ಆರೂವರೆ ಟನ್ ನೀರು ಒಂದೇ ದಿನದಲ್ಲಿ ಲೈನ್‌ನೊಳಗೆ ಇಳಿಯಿತು! ಮರುದಿನದಿಂದ ಒಣ ಗ್ಯಾಸ್ ಅದನ್ನು ಹೀರಿಕೊಳ್ಳುತ್ತದೆ, ಆದರೆ ಕಾಗದದ ಲೆಕ್ಕದಲ್ಲೇ ದಿನಕ್ಕೆ ಎರಡೂವರೆ ಟನ್ ಮೀರುವುದಿಲ್ಲ. ತಗ್ಗಿನಲ್ಲಿ ಕಂಡೆನ್ಸೇಟ್ ಅಡಿ ಅಡಗಿದ ನೀರಿಗೆ ವಾರಗಳೇ ಬೇಕು. ಅಷ್ಟು ದಿನವೂ ಆ ತಗ್ಗಿನಲ್ಲಿ ಇನ್ಹಿಬಿಟರ್ ಇಲ್ಲದ ಆಮ್ಲ ನೀರು. ದಡದ ಲೈನ್ ಒಣಗಿದೆ ಎಂದು ಅಲ್ಲಿ ಇನ್ಹಿಬಿಟರ್ ಹಾಕುವುದಿಲ್ಲವಲ್ಲ.

ಬೈಪಾಸ್ ಆಗದಿದ್ದರೂ ಯೂನಿಟ್ ಸದ್ದಿಲ್ಲದೆ ಸೋಲಬಹುದು. ಗ್ಲೈಕಾಲ್ ಕಾಯಿಸಿ ನೀರು ಹಾರಿಸುವ ರೀಬಾಯ್ಲರ್ 204 ಡಿಗ್ರಿ ಹತ್ತಿರ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಗ್ಲೈಕಾಲ್‌ನಲ್ಲಿ ನೀರು ಉಳಿಯುತ್ತದೆ, ಹೆಚ್ಚಾದರೆ ಗ್ಲೈಕಾಲೇ ಒಡೆದು ಆಮ್ಲವಾಗುತ್ತದೆ. ಲೀನ್ ಗ್ಲೈಕಾಲ್ (ನೀರು ತೆಗೆದದ್ದು) ಶೇ 98.5ಕ್ಕಿಂತ ಕೆಳಗೆ ಇಳಿಯಬಾರದು. ಅದರ ಪಿಎಚ್ 7ರಿಂದ 8.5. ಕಡಿಮೆಯಾದರೆ ಅಮೀನ್ ಬೆರೆಸಿ ಏರಿಸುತ್ತಾರೆ, ಆದರೆ ಒಮ್ಮೆಗೇ ಸುರಿದರೆ ನೊರೆ ಏಳುತ್ತದೆ, ಸ್ವಲ್ಪ ಸ್ವಲ್ಪ ಹಾಕಿ. ಗ್ಯಾಸ್, ಗ್ಲೈಕಾಲ್ ಸಂಧಿಸುವ ಕಾಂಟ್ಯಾಕ್ಟರ್‌ಗೆ ಹೋಗುವ ಗ್ಲೈಕಾಲ್ ಗ್ಯಾಸ್‌ಗಿಂತ 5ರಿಂದ 8 ಡಿಗ್ರಿ ಬಿಸಿ ಇರಲಿ. ತಣ್ಣಗಿದ್ದರೆ ಕಂಡೆನ್ಸೇಟ್ ಅದರಲ್ಲೇ ಇಳಿದು ನೊರೆಯೆದ್ದು, ಗ್ಲೈಕಾಲ್ ಗ್ಯಾಸ್ ಜೊತೆ ಪೈಪಿಗೆ ಹಾರಿಹೋಗುತ್ತದೆ. ಹಸಿ ಲೈನ್‌ಗೆ ಹಾಕುವ ಇನ್ಹಿಬಿಟರ್, ದ್ರವ ಬೇರ್ಪಡಿಸುವ ಸೆಪರೇಟರ್ ದಾಟಿ ಬಂದರೂ ನೊರೆಯೇ. ಯೂನಿಟ್ ಆರೋಗ್ಯವಾಗಿದ್ದಾಗಲೂ ಹತ್ತು ಲಕ್ಷ ಘನ ಮೀಟರಿಗೆ 13 ಲೀಟರ್‌ನಷ್ಟು ಗ್ಲೈಕಾಲ್ ಹಾರಿಹೋಗುವುದನ್ನು ಸಾಮಾನ್ಯ ಎಂದೇ ಹಿಡಿಯುತ್ತಾರೆ. ಮೇಲೆ ಹಿಡಿದ 1 ಕೋಟಿ ಘನ ಮೀಟರಿಗೆ ಅದು ದಿನಕ್ಕೆ 130 ಲೀಟರ್! ಅದು ಹೋಗಿ ಕೂರುವುದೂ ಅದೇ ತಗ್ಗುಗಳಲ್ಲಿ. ಬಂದ ನೀರನ್ನು ಹೀರಿ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ತೇವ ಅಳೆಯುವ ಡ್ಯೂ ಪಾಯಿಂಟ್ ಮೀಟರ್ ಆಗಲೂ ‘ಒಣಗಿದೆ’ ಅನ್ನುತ್ತಲೇ ಇರುತ್ತದೆ, ಅದು ನೋಡುವುದು ಗ್ಯಾಸನ್ನು ಮಾತ್ರ. ಮೀಟರ್‌ನ ಸೆನ್ಸರ್ ಮೇಲೆ ಗ್ಲೈಕಾಲ್ ಅಂಟಿದ್ದರಂತೂ ಅದರ ಮಾತು ಕೇಳಲೇಬೇಡಿ.

ಇನ್ನೊಂದು ಸಾಧ್ಯತೆಯನ್ನೂ ಬಿಡಬೇಡಿ: ಈ ಗುಳಿಗಳು ಲೈನ್ ಹುಟ್ಟಿದಾಗಿನವೇ ಇರಬಹುದು. ಹೈಡ್ರೊಟೆಸ್ಟ್‌ಗೆ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ತುಂಬಿದ ಸಮುದ್ರದ ನೀರನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟಿದ್ದರೆ, ಆಕ್ಸಿಜನ್ ಹೀರುವ ಬೈಸಲ್ಫೈಟ್ ಮತ್ತು ಬ್ಯಾಕ್ಟೀರಿಯಾ ಕೊಲ್ಲುವ ಬಯೋಸೈಡ್ ಸರಿಯಾಗಿ ಬೀಳದಿದ್ದರೆ, ಗ್ಯಾಸ್ ಬರುವ ಮೊದಲೇ ತಳ ಕೊರೆದಿರುತ್ತದೆ. ಬೈಸಲ್ಫೈಟ್ ಮತ್ತು ಗ್ಲುಟರಾಲ್ಡಿಹೈಡ್ ಎಂಬ ಬಯೋಸೈಡ್ ಎರಡನ್ನೂ ಒಂದೇ ಬಿಂದುವಿನಲ್ಲಿ ಹಾಕಿದರೆ ಪರಸ್ಪರ ಪ್ರತಿಕ್ರಿಯಿಸಿ ಎರಡೂ ವ್ಯರ್ಥ. ಲೈನ್ ಕಮಿಷನ್ ಆದಾಗಿನ ದಾಖಲೆ ತೆಗೆಸಿ, ನೀರು ಎಷ್ಟು ದಿನ ನಿಂತಿತ್ತು ನೋಡಿ.

ಕೂಪನ್ ವಿಷಯ. ನಿಮ್ಮ ಕೂಪನ್ ಎಲ್ಲಿದೆ? ಪೈಪಿನ ನೆತ್ತಿಯಿಂದ ತೂರಿಸಿ ನಡುವಿಗೆ ನಿಲ್ಲಿಸಿದ್ದರೆ ಅದು ಗ್ಯಾಸ್‌ನಲ್ಲಿ ನೇತಾಡುತ್ತಿದೆ, ನೀರು ಅದರ ಕೆಳಗೆ ಹರಿದುಹೋಗುತ್ತಿದೆ. ಪ್ಲಾಟ್‌ಫಾರ್ಮ್‌ನಲ್ಲಿ ಕೈಗೆ ಸಿಗುವ ಕಡೆ ಕೂಪನ್ ಇಡುತ್ತಾರೆ, ತಗ್ಗು ಇರುವುದು ಸಮುದ್ರದ ಅಡಿ. ಉದಾಹರಣೆಗೆ 22 ಚ.ಸೆಂ.ಮೀ. ಮೈಯ ಕೂಪನ್ 90 ದಿನದಲ್ಲಿ 45 ಮಿ.ಗ್ರಾಂ. ಕಳೆದುಕೊಂಡರೆ ವರ್ಷಕ್ಕೆ 0.011 ಮಿ.ಮೀ. ಎಂದು ಬರುತ್ತದೆ. 0.025ಕ್ಕಿಂತ ಕಡಿಮೆ, ಆದ್ದರಿಂದ ‘ಅಲ್ಪ’ ಎಂಬ ಠಸ್ಸೆ. ಆದರೆ ಆ 45 ಮಿ.ಗ್ರಾಂ. ಇಡೀ ಮೈಯಿಂದ ಸಮನಾಗಿ ಹೋಯಿತೋ, ಎರಡೇ ಗುಳಿಗಳಿಂದ ಹೋಯಿತೋ ತೂಕ ಹೇಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಗುಳಿಯ ಆಳ ಅಳೆಸಿ, ಆ ಅಂಕಿ ಇಲ್ಲದ ಕೂಪನ್ ರಿಪೋರ್ಟ್ ಅರ್ಧ ರಿಪೋರ್ಟ್. ಫ್ಲಶ್ ಮಾದರಿಯ ಕೂಪನ್ ಮತ್ತು ಇಆರ್ ಪ್ರೋಬ್ (ವಿದ್ಯುತ್ ರೋಧದಿಂದ ಸವೆತ ಅಳೆಯುವ ಸಾಧನ) ಅನ್ನು ತಳದ ಗೋಡೆಗೆ ಸಮವಾಗಿ ಕೂರಿಸಿ.

ಅದಕ್ಕಿಂತ ಹೆಚ್ಚು ಮಾತಾಡುವುದು ಪಿಗ್ ಹೊತ್ತು ತಂದ ಕಸ. ಅದನ್ನು ತೂಗಿಸಿ, ಲ್ಯಾಬ್‌ಗೆ ಕಳಿಸಿ. ಐರನ್ ಕಾರ್ಬೊನೇಟ್ ಹೆಚ್ಚಿದ್ದರೆ ಕಾರ್ಬನ್ ಡೈಆಕ್ಸೈಡ್‌ನ ಕೆಲಸ, ಐರನ್ ಸಲ್ಫೈಡ್ ಇದ್ದರೆ ಹೈಡ್ರೊಜನ್ ಸಲ್ಫೈಡ್ ಇಲ್ಲವೇ ಬ್ಯಾಕ್ಟೀರಿಯಾ. ದಡದ ಲೈನ್‌ನ ದ್ರವದಲ್ಲಿ ಕ್ಲೋರೈಡ್ ಕಂಡರೆ ಸೆಪರೇಟರ್‌ನಿಂದ ಉಪ್ಪುನೀರೇ ದಾಟಿ ಬರುತ್ತಿದೆ. ನೀರಿನಲ್ಲಿ ಕಬ್ಬಿಣದ ಅಂಶ ಅಳೆಯುವವರು ಮ್ಯಾಂಗನೀಸನ್ನೂ ಅಳೆಯಿರಿ. ಸಲ್ಫೈಡ್ ಇರುವ ನೀರಿನಲ್ಲಿ ಕಬ್ಬಿಣ ಗಸಿಯಾಗಿ ಇಳಿದು ಕಡಿಮೆ ಕಾಣುತ್ತದೆ, ಮ್ಯಾಂಗನೀಸ್ ಹಾಗೆ ಮರೆಯಾಗುವುದು ಕಡಿಮೆ. ಒಂದು ಎಚ್ಚರಿಕೆ: ಐರನ್ ಸಲ್ಫೈಡ್ ಹುಡಿ ಒಣಗಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರಿಸೀವರ್ ಬಾಗಿಲು ತೆಗೆಯುವ ಮುನ್ನ ಒತ್ತಡ ಸೊನ್ನೆ ಎಂಬುದನ್ನು ಖಚಿತ ಮಾಡಿಕೊಂಡು, ನೈಟ್ರೊಜನ್‌ನಿಂದ ಪರ್ಜ್ ಮಾಡಿ, ತೆಗೆದ ಕೂಡಲೇ ಕಸಕ್ಕೆ ನೀರು ಹೊಡೆದು ಹಸಿಯಾಗಿಯೇ ಡ್ರಮ್ಮಿಗೆ ತುಂಬಿ.

ಹೈಡ್ರೊಜನ್ ಸಲ್ಫೈಡ್ ಇರುವ ಕಡೆ ಗೋಡೆ ಸವೆಯುವುದಕ್ಕಿಂತ ಬಿರುಕು ದೊಡ್ಡ ಭಯ. ನಮ್ಮ ಪಶ್ಚಿಮ ಕರಾವಳಿಯಾಚೆಯ ಬಸೀನ್ ಕ್ಷೇತ್ರದ ಗ್ಯಾಸ್‌ನಲ್ಲಿ ಅದು ಇದೆ, ತೆಗೆಯುವುದು ದಡದ ಹಜೀರಾದಲ್ಲಿ. ಅಂದರೆ ಸಮುದ್ರದ ಅಡಿಯ ಪೈಪ್ ಅದನ್ನು ಹೊತ್ತೇ ಬರಬೇಕು. ಐಎಸ್‌ಒ 15156 ಪ್ರಕಾರ ಅದರ ಪಾಲಿನ ಒತ್ತಡ 0.3 ಕಿಲೊಪಾಸ್ಕಲ್ ಮುಟ್ಟಿದರೆ ‘ಸೋರ್’ (ಹೈಡ್ರೊಜನ್ ಸಲ್ಫೈಡ್ ಇರುವ ಗ್ಯಾಸ್‌ನ) ನಿಯಮಗಳು ಅನ್ವಯ. 80 ಬಾರ್‌ನಲ್ಲಿ ಅದು ಬರೇ 38 ಪಿಪಿಎಂ. ಅಲ್ಲಿ ಕಾರ್ಬನ್ ಸ್ಟೀಲ್‌ನ ಗಡಸುತನ 22 ರಾಕ್‌ವೆಲ್ ಸಿ, ವೆಲ್ಡ್ ಸುತ್ತ 250 ವಿಕರ್ಸ್ ಮೀರಬಾರದು. ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಸ್ಪಿಯನ್ ಸಮುದ್ರದ ಕಶಗಾನ್ ತೈಲ ಕ್ಷೇತ್ರ ಸಾಕ್ಷಿ. 2013ರ ಸೆಪ್ಟೆಂಬರ್‌ನಲ್ಲಿ ಉತ್ಪಾದನೆ ಶುರುವಾಗಿ ಕೆಲವೇ ವಾರಗಳಲ್ಲಿ ಗ್ಯಾಸ್ ಲೈನ್ ಸೋರಿತು. ಪೈಪಿನಲ್ಲಿ ಅಲ್ಲಲ್ಲಿ ಗಡಸಾಗಿದ್ದ ಭಾಗಗಳು ಸಲ್ಫೈಡ್ ಒತ್ತಡ ಬಿರುಕಿಗೆ ತುತ್ತಾಗಿದ್ದವು. ತೈಲ, ಗ್ಯಾಸ್ ಎರಡೂ ಲೈನ್ ಕಿತ್ತು, ಒಟ್ಟು ಸುಮಾರು 200 ಕಿ.ಮೀ. ಕ್ಲ್ಯಾಡ್ ಪೈಪ್ ಹಾಕಿ ಮತ್ತೆ ಶುರುವಾದದ್ದು 2016ರಲ್ಲಿ. ಈ ಬಿರುಕಿಗೆ ಇನ್ಹಿಬಿಟರ್ ಮದ್ದಲ್ಲ, ಸರಿಯಾದ ಸ್ಟೀಲ್ ಒಂದೇ ದಾರಿ. ಹಾಗಾಗಿ ಡೆಕ್ ಮೇಲೆ ಒಂದು ಬೋಲ್ಟ್, ಒಂದು ವಾಲ್ವ್ ಬದಲಿಸುವಾಗಲೂ ಸೋರ್ ಸರ್ಟಿಫಿಕೇಟ್ ಕೇಳಿ.

ಆನೋಡ್ ಬಗ್ಗೆ ಹೇಳಿದ್ದೀರಿ. ಅದು ಹೊರಮೈಗೆ ಮಾತ್ರ, ಒಳಗಿನ ಸವೆತಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೊರಗೆ ಮುಖ್ಯ ಕೆಲಸ ಕೋಟಿಂಗ್‌ನದು, ಆನೋಡ್ ಅದರ ಗೀರುಗಳಿಗೆ. 24 ಇಂಚು ಪೈಪಿನ 1 ಕಿ.ಮೀ.ಗೆ ಸುಮಾರು 1,900 ಚದರ ಮೀಟರ್ ಮೈ. ಶೇ 1ರಷ್ಟು ಕೋಟಿಂಗ್ ಹೋಗಿದೆ, ಬರಿಮೈಯ ಚದರ ಮೀಟರಿಗೆ 0.1 ಆಂಪಿಯರ್ ಬೇಕು, ಬಾಳಿಕೆ 25 ವರ್ಷ ಅಂದರೆ ಕಿ.ಮೀ.ಗೆ ಸುಮಾರು 260 ಕೆ.ಜಿ. ಅಲ್ಯೂಮಿನಿಯಂ ಆನೋಡ್ ಸಾಕು. ಕೋಟಿಂಗೇ ಇಲ್ಲದಿದ್ದರೆ 26 ಟನ್! ಪೈಪಿನ ವೋಲ್ಟೇಜ್ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿದಾಗ ಮೈನಸ್ 0.80 ವೋಲ್ಟ್, ಆಕ್ಸಿಜನ್ ಇಲ್ಲದ ಕೆಸರಿನಲ್ಲಿ ಮೈನಸ್ 0.90 ವೋಲ್ಟ್ ಅಥವಾ ಅದಕ್ಕೂ ಕೆಳಗೆ ಇದ್ದರೆ ರಕ್ಷಣೆ ಇದೆ ಎಂದರ್ಥ.

ಆನೋಡ್ ಕೈಗೆಟುಕದ ಜಾಗ ಸ್ಪ್ಲ್ಯಾಷ್ ಝೋನ್, ಅಂದರೆ ಅಲೆ ಹೊಡೆದು ಇಳಿಯುವ ಪಟ್ಟಿ. ಸದಾ ಮುಳುಗಿರದ ಲೋಹಕ್ಕೆ ಕರೆಂಟ್ ತಲುಪದು. ರೈಸರ್‌ಗೆ (ಸಮುದ್ರದ ತಳದಿಂದ ಪ್ಲಾಟ್‌ಫಾರ್ಮ್‌ಗೆ ಏರುವ ಪೈಪ್) ಅಲ್ಲಿ ನಿಯೋಪ್ರೀನ್ ರಬ್ಬರ್ ಅಥವಾ ಮೊನೆಲ್ ಲೋಹದ ಹೊದಿಕೆ ಇರುತ್ತದೆ, ಸಾಮಾನ್ಯವಾಗಿ ಕೆಡುವುದು ಹೊದಿಕೆಯ ಮೇಲಂಚು ಮತ್ತು ಕ್ಲ್ಯಾಂಪ್‌ನ ಅಡಿ. ಡೆಕ್ ಮೇಲೆ ಪೈಪ್ ಸಪೋರ್ಟ್‌ಗೆ ತಾಗುವ ಬಿಂದು, ಕ್ಲ್ಯಾಂಪ್ ಕೆಳಗಿನ 316 ಸ್ಟೇನ್‌ಲೆಸ್ ಟ್ಯೂಬಿಂಗ್, ಇನ್ಸುಲೇಷನ್ ಒಳಗೆ ನೆನೆದ ಪೈಪ್ ಇವೂ ಅದೇ ಜಾತಿ. ಬಣ್ಣ ಹೊಡೆಸುವಾಗ ಬ್ಲಾಸ್ಟ್ (ಕಣ ಎರಚಿ ತುಕ್ಕು ತೆಗೆಯುವುದು) ಆದ ಮೇಲೂ ಮೈಯಲ್ಲಿ ಉಪ್ಪು ಉಳಿದಿರುತ್ತದೆ, ಬ್ರೆಸಲ್ ಪ್ಯಾಚ್ ಹಾಕಿ ಚದರ ಮೀಟರಿಗೆ 20 ಮಿ.ಗ್ರಾಂ. ಒಳಗಿದೆ ಎಂದು ನೋಡಿ, ಸ್ಟೀಲ್‌ನ ತಾಪ ಡ್ಯೂ ಪಾಯಿಂಟ್‌ಗಿಂತ (ಹನಿ ಕಟ್ಟುವ ತಾಪ) 3 ಡಿಗ್ರಿ ಮೇಲಿದ್ದಾಗ ಮಾತ್ರ ಹೊಡೆಸಿ.

ಪೈಪ್ ಬದಲಿಸಬೇಕಾ? ವರದಿಯನ್ನು ಹಿಂದಿನ ವರದಿಯ ಪಕ್ಕ ಇಡದೆ ಅದನ್ನು ಹೇಳಲಾಗದು. ಎಂಎಫ್‌ಎಲ್ ಪಿಗ್‌ನ (ಕಾಂತ ಬಳಸಿ ಅಳೆಯುವ ಇಂಟೆಲಿಜೆಂಟ್ ಪಿಗ್) ಗುಳಿ ಅಳತೆಯಲ್ಲಿ ಗೋಡೆಯ ದಪ್ಪದ ಶೇ 10ರಷ್ಟು ಹೆಚ್ಚುಕಡಿಮೆ ಇರುತ್ತದೆ. ನಿಮ್ಮ ಗೋಡೆ 15.9 ಮಿ.ಮೀ. ಆದರೆ ಒಂದು ಅಳತೆಗೆ 1.6 ಮಿ.ಮೀ., ಎರಡು ಅಳತೆಗಳ ವ್ಯತ್ಯಾಸಕ್ಕೆ ಸುಮಾರು 2.2 ಮಿ.ಮೀ. ಅನಿಶ್ಚಿತತೆ. ಐದು ವರ್ಷದ ಅಂತರದಲ್ಲಿ ಒಂದು ಗುಳಿ 2 ಮಿ.ಮೀ. ಆಳವಾಗಿದೆ ಎಂದು ಕಂಡರೂ ಅದು ನಿಜಕ್ಕೂ ಬೆಳೆದಿದೆಯೋ ಯಂತ್ರದ ತಪ್ಪೋ ಎಂದು ಆ ಒಂದರಿಂದಲೇ ಹೇಳಲಾಗದು. ಇಡೀ ಗುಂಪಿನ ಸರಾಸರಿ ಸರಿದಿದೆಯೇ ನೋಡಿ, ಸಾಧ್ಯವಾದರೆ ಎರಡೂ ಸಲದ ಮೂಲ ಸಿಗ್ನಲ್‌ಗಳನ್ನೇ ಪಕ್ಕಪಕ್ಕ ಇಟ್ಟು ಹೋಲಿಸಲು ಹೇಳಿ. ಉಳಿದ ಬಲದ ಲೆಕ್ಕಕ್ಕೆ ಬಿ31ಜಿ ಅಥವಾ ಡಿಎನ್‌ವಿ ಆರ್‌ಪಿ-ಎಫ್101 ಎಂಬ ಮಾನದಂಡ ಇದೆ. ಬಿ31ಜಿಯಲ್ಲಿ ಶೇ 10ರ ಒಳಗಿನ ಆಳಕ್ಕೆ ಚಿಂತೆ ಇಲ್ಲ, ಶೇ 80 ದಾಟಿದ್ದಕ್ಕೆ ಲೆಕ್ಕವೇ ಇಲ್ಲ, ರಿಪೇರಿ ಒಂದೇ. ನಡುವಿನದ್ದಕ್ಕೆ ಆಳದಷ್ಟೇ ಗುಳಿಯ ಉದ್ದವೂ ಮುಖ್ಯ. ಗುಳಿ ಹಳೆಯದಾಗಿ ನಿಂತುಹೋಗಿದ್ದರೆ ಪೈಪ್ ಹಾಗೇ ಇರಲಿ. ನೆತ್ತಿಯದು ಬೆಳೆಯುತ್ತಿದ್ದರೆ ಬ್ಯಾಚ್ ಶುರುಮಾಡಿ, ಮುಂದಿನ ಇಂಟೆಲಿಜೆಂಟ್ ಪಿಗ್ ಅನ್ನು ಎರಡು ಮೂರು ವರ್ಷಕ್ಕೇ ಓಡಿಸಿ. ರಿಪೇರಿ ಕ್ಲ್ಯಾಂಪ್ ಹಾಕಲೇಬೇಕೆಂದು ಬಂದರೆ ಡೈವಿಂಗ್ ಹಡಗನ್ನು ಈಗಲೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಆ ಕೆಲಸ ನಡೆಯುವುದಿಲ್ಲ, ಅಷ್ಟರಲ್ಲಿ ಆಗದಿದ್ದರೆ ಮಳೆಗಾಲ ಮುಗಿಯುವವರೆಗೆ ಲೈನ್ ಒತ್ತಡ ಇಳಿಸಿಯೇ ನಡೆಸಬೇಕಾಗುತ್ತದೆ.